ಕೊಳಕ್ಕೆ ಬಂದ ಬೀಗರು

ಅವಳು ಅವನನ್ನು ಮೊದಲು ಬೈದದ್ದು ಫೋನಿನಲ್ಲಿ. ಮುಖ ನೋಡಿ ಬೈದದ್ದು ಮಾರನೇ ದಿನ ಬೆಳಗ್ಗೆ.

"ನೀವು ಕಟ್ಟಿಕೊಟ್ಟಿದ್ದು ಕೊಳಾನಾ, ಇಲ್ಲಾ ಬಾತುಕೋಳಿಗಳಿಗೆ ಲಾಡ್ಜಾ?"

ಆ ಕಡೆಯಿಂದ ಯಾವ ಅವಸರವೂ ಇಲ್ಲದ ಒಂದು ಗಂಡು ದನಿ ಹೇಳಿತು: "ಮೇಡಂ, ಕೊಳ ನಂದು. ಬಾತು ನಮ್ಮ ಕಡೆಯವಲ್ಲ."

"ಗ್ಯಾರಂಟಿ ಅಂದಿದ್ರಂತೆ?"

"ನೀರು ಸೋರಲ್ಲ ಅಂತ ಗ್ಯಾರಂಟಿ ಕೊಟ್ಟಿದ್ದೆ. ನೆಂಟರು ಬರಲ್ಲ ಅಂತ ಅಲ್ಲ."

ಅವಳಿಗೆ ಮೈಯೆಲ್ಲ ಉರಿಯಿತು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಎಂತೆಂಥ ಗಿರಾಕಿಗಳನ್ನೂ ನಗುನಗುತ್ತ ಸಂಭಾಳಿಸುವವಳು, ಮನೆಯ ವಿಷಯಕ್ಕೆ ಬಂದರೆ ಮಾತ್ರ ಮೂಗಿನ ತುದಿಯಲ್ಲೇ ಕೋಪ. ನಾಳೆ ಬೆಳಗ್ಗೆ ಬಂದು ನೋಡಿ ಎಂದು ಫೋನ್ ಕುಕ್ಕಿದಳು.

ಬೆಳಗ್ಗೆ ಬಾತು ಓಡಿಸಲು ಪೊರಕೆ ಹಿಡಿದು ಹಿತ್ತಲಿಗೆ ಬಂದರೆ, ಒದ್ದೆ ಹುಲ್ಲಿನ ಮೇಲೆ ಗಂಡಸೊಬ್ಬ ಬೋರಲು ಮಲಗಿದ್ದಾನೆ. ಗದ್ದ ನೀರಿಗೆ ತಾಗುವಷ್ಟು ಹತ್ತಿರ. ಕೊಳ ತೋಡುವಾಗೆಲ್ಲ ಅವಳು ಅಂಗಡಿಯಲ್ಲಿರುತ್ತಿದ್ದಳು, ಹಾಗಾಗಿ ಅವನ ಮುಖ ನೋಡಿರಲೇ ಇಲ್ಲ.

"ಯಾರ್ರೀ ಅದು?"

"ಶ್!" ಎಂದ ಅವನು, ತಿರುಗಿಯೂ ನೋಡದೆ. ಅವಳ ಮನೆಯ ಹಿತ್ತಲಲ್ಲಿ, ಅವಳಿಗೇ.

ಬೈಯಲು ಬಾಯಿ ತೆರೆದವಳು ಅವನು ನೋಡುತ್ತಿದ್ದ ಕಡೆ ನೋಡಿಬಿಟ್ಟಳು. ಕೊಳದ ನಡುವೆ ಎರಡು ಬಾತು, ಒಂದು ಗಂಡು, ಒಂದು ಹೆಣ್ಣು. ಗೋಡೆಯ ಮೇಲಿಂದ ಆಗ ತಾನೇ ಇಳಿದ ಬಿಸಿಲು ಗಂಡಿನ ತಲೆಯ ಮೇಲೆ ಬಿತ್ತು. ಹಸಿರು ತಲೆ ನೋಡನೋಡುತ್ತ ನೇರಳೆಯಾಯಿತು, ಕತ್ತು ತಿರುಗಿಸಿದರೆ ಮತ್ತೆ ಹಸಿರು. ಹೆಣ್ಣು ಮುಳುಗಿ ಎದ್ದಾಗ ಬೆನ್ನ ಮೇಲಿಂದ ನೀರು ಮಣಿಮಣಿಯಾಗಿ ಉರುಳಿತು, ಒಂದು ಹನಿಯೂ ಗರಿಗೆ ಅಂಟಲಿಲ್ಲ. ಇಷ್ಟು ದಿನ ಕಲ್ಲು ಹೊಡೆದು ಓಡಿಸುತ್ತಿದ್ದುದು ಇವನ್ನೇನಾ ಎಂದು ಅವಳಿಗೇ ಅನುಮಾನ ಬಂತು.

"ಎಷ್ಟು ಚೆನ್ನಾಗಿದೆ ಅಲ್ವಾ?" ಎಂದ ಅವನು ಪಿಸುದನಿಯಲ್ಲಿ.

"ಚೆನ್ನಾಗಿದೆ ಅಂತ ಹೇಳೋಕಲ್ಲ ನಿಮ್ಮನ್ನ ಕರೆಸಿದ್ದು."

ಅವನು ಎದ್ದು ನಿಂತ. ಶರ್ಟಿನ ಮುಂಭಾಗವೆಲ್ಲ ಕೆಸರು, ಗದ್ದಕ್ಕೆ ಒಂದು ಹುಲ್ಲಿನ ಎಸಳು. ಜನರ ಮುಖ ನೋಡುವುದೇ ಅವಳ ಕಸುಬು. ಎಡ ಹುಬ್ಬು ಬಲಕ್ಕಿಂತ ಒಂದು ಎಳೆ ಮೇಲಿರುವುದು, ಮೂಗಿನ ದಿಂಡು ನೆಟ್ಟಗಿರುವುದು, ಯಾವ ಫ್ರೇಮ್ ಇಟ್ಟರೂ ಜಾರದೆ ಕೂರುತ್ತದೆ ಎಂಬುದು, ಎಲ್ಲ ಒಂದೇ ನೋಟಕ್ಕೆ ಕಂಡಿತು. ಕಣ್ಣಿನ ಬಣ್ಣ ಮಾತ್ರ ತಕ್ಷಣ ತಿಳಿಯಲಿಲ್ಲ. ಅದನ್ನು ತಿಳಿಯಲು ಮತ್ತೊಮ್ಮೆ ನೋಡಬೇಕಾಯಿತು. ಆಮೇಲೆ ಇನ್ನೊಮ್ಮೆ.

"ಪೊರಕೆ ಕೆಳಗಿಡ್ತೀರಾ?" ಎಂದ ಅವನು. "ಭಯ ಆಗುತ್ತೆ."

"ಬಾತುಗಳಿಗಾ?"

"ನನಗೆ."

ಒಳಗಿನಿಂದ ಅತ್ತೆ ನಕ್ಕಿದ್ದು ಕೇಳಿಸಿತು.

ಅತ್ತೆ ಎಂದರೆ ಸೋದರತ್ತೆ, ಅಪ್ಪನ ಅಕ್ಕ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅವಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವರು. ಅರ್ಧ ಊರಿಗೆ ಈಜು ಕಲಿಸಿದ ಟೀಚರ್. ನಿವೃತ್ತಿಯಾದರೂ ಕೊರಳಲ್ಲಿ ಸೀಟಿ ಹಾಗೇ ಇತ್ತು. ಈಗ ಅವರ ಎರಡು ಕಣ್ಣುಗಳಲ್ಲೂ ನಡುವಿನ ನೋಟ ಸವೆದುಹೋಗುತ್ತಿತ್ತು. ನೇರವಾಗಿ ಏನನ್ನು ನೋಡಿದರೂ ಅಲ್ಲೊಂದು ಬೂದು ಮಚ್ಚೆ. ಮುಖ ಸ್ವಲ್ಪ ಆಚೆ ತಿರುಗಿಸಿ ಓರೆಗಣ್ಣಲ್ಲಿ ನೋಡಿದರೆ ಮಾತ್ರ ಅಂಚಿನಲ್ಲಿ ಕಾಣುತ್ತಿತ್ತು. ಮಚ್ಚೆ ದೊಡ್ಡದಾಗುತ್ತಾ ಹೋಗುತ್ತದೆ, ಎಷ್ಟು ಬೇಗ ಎಂದು ಹೇಳಲಾಗದು ಎಂದಿದ್ದರು ಡಾಕ್ಟರು. ಊರಿಗೆಲ್ಲ ಕನ್ನಡಕ ಮಾಡಿಕೊಡುವವಳ ಹತ್ತಿರ ಅತ್ತೆಗೆ ಕೊಡಲು ಒಂದು ಗಾಜೂ ಇರಲಿಲ್ಲ. ಅದು ಅವಳ ಎದೆಯಲ್ಲಿ ಸದಾ ಚುಚ್ಚುವ ಮುಳ್ಳು.

ಕೊಳ ಬೇಕೆಂದವರು ಅತ್ತೆಯೇ. "ಕಪ್ಪು ನೀರು, ಅದರ ಮೇಲೆ ಬಿಳಿ ನೈದಿಲೆ. ಅಷ್ಟಾದ್ರೆ ನನಗೆ ಕಾಣಿಸುತ್ತೆ ಕಣೇ. ನಾನು ಜೀವನ ಪೂರ್ತಿ ನೀರಲ್ಲೇ ಕಳೆದೆ, ನೀರಿಂದ ಹೂ ಏಳೋದನ್ನ ನೋಡ್ಲಿಲ್ಲ. ಕಾಣೋವಾಗಲೇ ಒಂದ್ಸಲ ನೋಡ್ಬೇಕು."

ಕೊಳವೇನೋ ಆಯಿತು. ತಳಕ್ಕೆ ಕಪ್ಪು ರಬ್ಬರ್ ಹಾಳೆ, ಸುತ್ತ ಉರುಟು ಕಲ್ಲು, ಒಂದು ಬದಿಯಲ್ಲಿ ಹುಲ್ಲಿನ ಇಳಿಜಾರು, ಮೂರು ಕುಂಡಗಳಲ್ಲಿ ನೈದಿಲೆ ಗೆಡ್ಡೆ. ವಾರ ಕಳೆಯುವುದರೊಳಗೆ ಪಾರ್ಕಿನ ಕೆರೆಯಿಂದ ಈ ಜೋಡಿ ಹಾರಿ ಬಂತು. ಎಳೆ ಎಲೆ ತಿಂದಿತು, ಗೆಡ್ಡೆ ಕೆದಕಿತು, ನೀರನ್ನು ಹಸಿರು ಗಂಜಿ ಮಾಡಿತು. ಕರೆಯದೆ ಬಂದು, ಚೆನ್ನಾಗಿ ತಿಂದು, ಹೊರಡುವ ಮಾತೇ ಆಡದವರನ್ನು ಇನ್ನೇನನ್ನಬೇಕು? ಅತ್ತೆ ಅವಕ್ಕೆ ಬೀಗರು ಎಂದು ಹೆಸರಿಟ್ಟರು.

ಬೀಗರನ್ನು ಕಳಿಸುವ ಕೆಲಸ ಶುರುವಾಯಿತು.

ಮೊದಲು ಪ್ಲಾಸ್ಟಿಕ್ ಗೂಬೆ. ಹೆಣ್ಣು ಬಾತು ಅದರ ನೆರಳಿನಲ್ಲಿ ನಿದ್ದೆ ಹೋಯಿತು. ಆಮೇಲೆ ಅತ್ತೆಯ ಸೀಟಿ. ಮೊದಲ ದಿನ ಬೆದರಿ ಹಾರಿದವು. ಒಂದೆರಡು ದಿನ ಕಳೆದ ಮೇಲೆ ಸೀಟಿ ಊದಿದರೆ ಎಲ್ಲಿದ್ದರೂ ಈಜುತ್ತ ಬಂದು ದಡದಲ್ಲಿ ಸಾಲಾಗಿ ನಿಲ್ಲತೊಡಗಿದವು.

"ನನ್ನ ಸ್ಟೂಡೆಂಟ್ಸ್ ಕೂಡ ಇಷ್ಟು ಶಿಸ್ತಾಗಿ ನಿಂತಿರಲಿಲ್ಲ" ಎಂದರು ಅತ್ತೆ, ಹೆಮ್ಮೆಯಿಂದಲೇ.

ಕೊಳದವನು ದಿನಾ ಬೆಳಗ್ಗೆ ಬರುತ್ತಿದ್ದ, ಅವಳು ಅಂಗಡಿಗೆ ಹೊರಡುವ ಮುಂಚೆ. ಬಾತಿನ ಕೆಲಸಕ್ಕೆ ಕೂಲಿ ಬೇಡ ಎಂದ. ತಾನು ಕಟ್ಟಿದ ನೀರು ಹಾಳಾದರೆ ತನ್ನ ಹೆಸರೂ ಹಾಳು ಎಂದ. ಅವಳು ಅದನ್ನು ನಂಬಿದಳು, ಅಥವಾ ನಂಬಿದವಳಂತೆ ಕಾಫಿ ತಂದುಕೊಟ್ಟಳು. ಅವನು ಕಪ್ಪನ್ನು ಕಲ್ಲಿನ ಮೇಲಿಟ್ಟು ಕೆಲಸದಲ್ಲಿ ಮುಳುಗಿ ಮರೆತುಬಿಡುತ್ತಿದ್ದ. ಅವಳು ಆರಿದ ಕಾಫಿ ಒಯ್ದು ಬಿಸಿ ಮಾಡಿ ತರುತ್ತಿದ್ದಳು, ಬೈಯುತ್ತ.

"ಕನ್ನಡಕ" ಎಂದು ಕರೆಯತೊಡಗಿದ್ದ ಅವಳನ್ನು. "ಕನ್ನಡಕ, ಆ ಹಗ್ಗ ಸ್ವಲ್ಪ ಹಿಡ್ಕೊಳ್ತೀರಾ?"

"ನನಗೆ ಬೇರೆ ಹೆಸರಿದೆ."

"ಗೊತ್ತು. ಆ ಹೆಸರಿಂದ ಎಲ್ಲರೂ ಕರೀತಾರಲ್ಲ."

ಆ ಮಾತು ಅವಳ ಜೊತೆ ಅಂಗಡಿಯವರೆಗೂ ಬಂತು. ಅಂದು ಒಬ್ಬ ಅಜ್ಜನಿಗೆ ದೂರದ ಗಾಜಿನ ಬದಲು ಓದುವ ಗಾಜು ಕೊಟ್ಟು ಕಳಿಸಿಬಿಡುತ್ತಿದ್ದಳು, ಬಾಗಿಲಲ್ಲಿ ಅವರೇ ತಡವರಿಸಿ ವಾಪಸ್ ಬಂದರು.

ಒಂದು ಸಂಜೆ ಅಂಗಡಿಗೇ ಬಂದ. ತಲೆ ಬಾಚಿಕೊಂಡು, ಕೆಸರಿಲ್ಲದ ಶರ್ಟು ಹಾಕಿಕೊಂಡು. ಅವಳಿಗೆ ಮೊದಲು ಗುರುತೇ ಸಿಗಲಿಲ್ಲ, ಸಿಕ್ಕ ಮೇಲೆ ಕೈಯಲ್ಲಿದ್ದ ಫ್ರೇಮನ್ನು ತಪ್ಪು ಡಬ್ಬಿಗೆ ಹಾಕಿದಳು.

"ಕಣ್ಣು ಟೆಸ್ಟ್ ಮಾಡಿಸ್ಬೇಕಿತ್ತು."

"ಏನು ತೊಂದರೆ?"

"ಬೆಳಗ್ಗೆ ಹೊತ್ತು ಎಲ್ಲ ಸರಿ ಕಾಣುತ್ತೆ. ಉಳಿದ ಹೊತ್ತು ಏನೋ ಒಂದು ಕಾಣ್ತಿಲ್ಲ ಅನ್ಸುತ್ತೆ."

ಅವಳು ಮುಖ ಗಂಟಿಕ್ಕಿಕೊಂಡೇ ಅವನನ್ನು ಕುರ್ಚಿಯಲ್ಲಿ ಕೂರಿಸಿದಳು. ಸಣ್ಣ ಅಳತೆಪಟ್ಟಿ ತೆಗೆದು ಅವನ ಮೂಗಿನ ಮೇಲಿಟ್ಟಳು. ಎರಡು ಪಾಪೆಗಳ ನಡುವಿನ ಅಂತರ ಅಳೆಯಬೇಕು, ಅದಕ್ಕೆ ಮುಖಕ್ಕೆ ಮುಖ ಹತ್ತಿರ ತರಲೇಬೇಕು. ಸಾವಿರಾರು ಜನರಿಗೆ ಮಾಡಿದ ಕೆಲಸ, ಇವತ್ತು ಮಾತ್ರ ಪಟ್ಟಿಯ ಗೆರೆಗಳನ್ನು ಎರಡೆರಡು ಸಲ ಎಣಿಸಿದಳು.

"ನನ್ನ ಕಣ್ಣನ್ನೇ ನೋಡಿ" ಎಂದಳು. ಅದು ಎಲ್ಲ ಗಿರಾಕಿಗಳಿಗೂ ಹೇಳುವ ಮಾತೇ.

ಅವನು ನೋಡಿದ.

ಆಗ ಅವನ ಕಣ್ಣಿನ ಬಣ್ಣ ಕಂಡಿತು. ಕಪ್ಪಲ್ಲ, ಬೆಲ್ಲದ ಕಂದು. ಪಾಪೆಯ ಸುತ್ತ ಸಣ್ಣ ಸಣ್ಣ ಎಳೆಗಳು ಹರಡಿಕೊಂಡಿದ್ದವು. ದೀಪ ತುಸು ಸರಿಸಿದರೆ ಪಾಪೆ ತಾನಾಗಿ ಕುಗ್ಗಿತು, ನೆರಳು ಬಿದ್ದರೆ ಹಿಗ್ಗಿತು. ದಿನಾ ನೋಡುವುದೇ ಇದು. ಆದರೂ ಒಬ್ಬ ಮನುಷ್ಯನ ಕಣ್ಣು ಇಷ್ಟು ದೊಡ್ಡ ಸೋಜಿಗ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅದರೊಳಗೆ ಪುಟ್ಟದಾಗಿ ಅವಳೇ ನಿಂತಿದ್ದಳು.

"ನಿಮ್ಮ ಕಣ್ಣಿಗೇನೂ ಆಗಿಲ್ಲ" ಎಂದಳು, ಪಟ್ಟಿ ಕೆಳಗಿಟ್ಟು.

"ಗೊತ್ತು."

"ಮತ್ತೆ ಯಾಕೆ ಬಂದ್ರಿ?"

"ನಿಮ್ಮ ಹತ್ರ ಗೀರು ಬಿದ್ದ ಗಾಜು, ಹಾಳಾದ ಲೆನ್ಸ್ ಇರುತ್ತಲ್ಲ? ಬೀಗರಿಗೆ ಬೇಕಿತ್ತು."

ಒಂದು ಡಬ್ಬಿ ತುಂಬಾ ಇದ್ದವು. ಭಾನುವಾರ ಇಬ್ಬರೂ ಕೂತು ಒಂದೊಂದಕ್ಕೂ ತೂತು ಕೊರೆದು ನೈಲಾನ್ ದಾರಕ್ಕೆ ಪೋಣಿಸಿ ಕೊಳದ ಮೇಲೆ ಆ ಗೋಡೆಯಿಂದ ಈ ಗೋಡೆಗೆ ಕಟ್ಟಿದರು. ಸೋಮವಾರ ಬೆಳಗ್ಗೆ ಬಿಸಿಲು ಬಿದ್ದದ್ದೇ ತಡ, ಹಿತ್ತಲೆಲ್ಲ ಬೆಳಕಿನ ಚೂರುಗಳು ಓಡಾಡಿದವು. ಗೋಡೆಯ ಮೇಲೆ, ನೀರಿನ ಮೇಲೆ, ಒಗೆದು ಹರವಿದ ಬಟ್ಟೆಯ ಮೇಲೆ, ಅವನ ಕೆನ್ನೆಯ ಮೇಲೆ. ಅತ್ತೆ ಬಾಗಿಲಲ್ಲಿ ನಿಂತು ಮುಖ ಆಚೆ ತಿರುಗಿಸಿ ಓರೆಯಾಗಿ ನೋಡಿದರು.

"ಅಯ್ಯಯ್ಯೋ" ಎಂದರು, ಮಗುವಿನ ದನಿಯಲ್ಲಿ. "ಮನೆ ತುಂಬಾ ಬೆಳ್ಳಿ ಮೀನು ಬಿಟ್ಟ ಹಾಗಿದೆ. ನನಗೆ ಕಾಣ್ತಿದೆ ಕಣ್ರೋ!"

ಅವಳ ಕಣ್ಣು ತುಂಬಿ ಬಂತು. ಅದನ್ನು ಅವನು ನೋಡಿದ, ನೋಡಿ ಬೇರೆ ಕಡೆ ತಿರುಗಿದ. ಆ ತಿರುಗಿದ ರೀತಿ ಅವಳಿಗೆ ಎಷ್ಟು ಇಷ್ಟವಾಯಿತೆಂದರೆ, ಅಲ್ಲಿಗೆ ಅವಳ ಕತೆ ಮುಗಿದಂತೆಯೇ.

ಬಾತುಗಳು ಒಂದು ಸುತ್ತು ಹಾಕಿ, ಮಿನುಗು ಕಂಡು ಬೆದರಿ, ಪಾರ್ಕಿನ ಕಡೆ ಹೊರಟುಹೋದವು. ಮರುದಿನವೂ ಬರಲಿಲ್ಲ. ಅದರ ಮರುದಿನವೂ.

"ಗೆದ್ದೆವು" ಎಂದ ಕೊಳದವನು, ಗೆದ್ದವನ ಮುಖವಿಲ್ಲದೆ. ಕಾಫಿಯನ್ನು ಅಂದು ಬಿಸಿ ಇರುವಾಗಲೇ ಕುಡಿದ. "ಇನ್ನು ನಾನು ಬರೋ ಅಗತ್ಯ ಇಲ್ಲ. ಬೇರೆ ಊರಲ್ಲಿ ಒಂದು ದೊಡ್ಡ ಕೆರೆ ಕೆಲಸ ಇದೆ, ಕರೀತಾನೇ ಇದ್ದಾರೆ. ಇಲ್ಲಿದು ಮುಗೀಲಿ ಅಂತಿದ್ದೆ."

"ದೂರಾನಾ?"

"ರೈಲಲ್ಲಿ ಅರ್ಧ ದಿನ." ಅವನು ಕಪ್ಪಿನ ತಳ ನೋಡಿದ. "ನೀವು ಯಾವತ್ತಾದ್ರೂ ಈ ಊರು ಬಿಟ್ಟು..."

"ಅತ್ತೆಯನ್ನ ಬಿಟ್ಟು ನಾನೆಲ್ಲೂ ಹೋಗಲ್ಲ" ಎಂದಳು. ಅವನು ಕೇಳುವ ಮುಂಚೆಯೇ ಹೇಳಿಬಿಟ್ಟಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಹೌದು. ಹೋಗಲೂ ಬಾರದು" ಎಂದು ಅವನು ಖಾಲಿ ಕಪ್ ಅವಳ ಕೈಗೆ ಕೊಟ್ಟ.

ಮಾರನೇ ಬೆಳಗ್ಗೆ ಹಿತ್ತಲಲ್ಲಿ ಯಾರೂ ಇರಲಿಲ್ಲ. ಕೊಳ ತಣ್ಣಗಿತ್ತು. ಒಂದು ಕಪ್ ಕಾಫಿ ಹೆಚ್ಚಾಗಿ ಮಾಡಿದ್ದಳು, ಅದನ್ನು ಕಲ್ಲಿನ ಮೇಲಿಟ್ಟು ಆರುವವರೆಗೂ ನೋಡುತ್ತ ನಿಂತಳು. ಆಮೇಲೆ ಮನುಷ್ಯರು ಪ್ರೀತಿಯಲ್ಲಿ ಮಾತ್ರ ಮಾಡುವಂಥ ಒಂದು ದಡ್ಡತನ ಮಾಡಿದಳು. ಅಡುಗೆಮನೆಗೆ ಹೋಗಿ, ಜೋಳದ ಡಬ್ಬಿ ತೆಗೆದು, ಒಂದು ಹಿಡಿ ಕಾಳು ತಂದು ಹುಲ್ಲಿನ ಇಳಿಜಾರಿನ ಮೇಲೆ ಚೆಲ್ಲಿದಳು.

ಮರುದಿನ ಇನ್ನೊಂದು ಹಿಡಿ.

ಮಿನುಗುವ ಗಾಜಿಗೆ ಹೆದರಿದ್ದ ಬೀಗರು ಜೋಳದ ಆಸೆಗೆ ಹೆದರಿಕೆ ಮರೆತರು. ಅವಳು ಫೋನ್ ಮಾಡಿದಳು. "ಮತ್ತೆ ಬಂದಿವೆ" ಎಂದಳು, ಆದಷ್ಟು ಸಿಟ್ಟಿನ ದನಿ ತಂದುಕೊಂಡು.

"ಹೌದಾ?" ಎಂದ ಅವನು. ಆ ಒಂದು ಮಾತಿನಲ್ಲಿದ್ದ ಖುಷಿ ಅವಳ ಕಿವಿಯಲ್ಲಿ ದಿನವೆಲ್ಲ ಉಳಿಯಿತು.

ಇನ್ನೂ ಊರು ಬಿಟ್ಟಿರದ ಅವನು ಈ ಸಲ ಮೀನು ಹಿಡಿಯುವ ಸಣ್ಣ ದಾರ ತಂದ. ಕಣ್ಣಿಗೆ ಕಾಣದ ದಾರ ನೀರಿನ ಮೇಲೆ ಅಡ್ಡಡ್ಡ ಕಟ್ಟಿದರೆ ಬಾತು ಇಳಿಯಲಾಗದು, ಈಜಲೂ ಆಗದು, ಎರಡು ದಿನ ನೋಡಿ ಬೇಸತ್ತು ಹೋಗುತ್ತದೆ ಎಂದ. ಬಹಳ ಗಂಭೀರವಾಗಿ ಗೂಟ ಹೊಡೆದ. ದಾರವನ್ನು ಮೊಣಕಾಲೆತ್ತರಕ್ಕೆ, ಒಂದಕ್ಕೊಂದು ದೂರ ದೂರ ಕಟ್ಟಿದ. ಬಾತುಗಳು ನಡೆದು ಬಂದು ನೀರಿಗಿಳಿದು, ಅದರಡಿ ತಲೆಯನ್ನೂ ಬಗ್ಗಿಸದೆ ಈಜಿಕೊಂಡು ಹೋದವು.

ಅರ್ಧ ಮಿಲಿಮೀಟರ್ ತಪ್ಪಿದರೂ ಹಿಡಿಯುವ ಕಣ್ಣು ಅವಳದು. ಇಷ್ಟೆತ್ತರ ಕಟ್ಟಿದರೆ ಏನು ಪ್ರಯೋಜನ ಎಂದು ಅವಳಿಗೆ ಅನ್ನಿಸದೇ ಇರಲಿಲ್ಲ. ಹೇಳಲಿಲ್ಲ, ಅಷ್ಟೆ. ಇವನಿಗೆ ಕೊಳ ಕಟ್ಟಲು ಬರುತ್ತದೆ, ದಾರ ಕಟ್ಟಲು ಬರುವುದಿಲ್ಲ, ಒಳ್ಳೆಯದೇ ಆಯಿತು ಎಂದುಕೊಂಡಳು.

ಅವನು ಮತ್ತೆ ದಿನಾ ಬರತೊಡಗಿದ. ಕಾಫಿ ಮತ್ತೆ ಆರತೊಡಗಿತು. ಅವನು ಗೂಟ ನೋಡುವ ನೆಪದಲ್ಲಿ ಅವಳನ್ನು ನೋಡುವುದು, ಅವಳು ಬಟ್ಟೆ ಹರವುವ ನೆಪದಲ್ಲಿ ಸೀರೆಯ ಅಂಚಿನಿಂದ ಅವನನ್ನು ನೋಡುವುದು, ನೋಟ ಸಿಕ್ಕಿಬಿದ್ದರೆ ಇಬ್ಬರೂ ಒಟ್ಟಿಗೆ ಬಾತುಗಳನ್ನು ಬೈಯುವುದು. ಅತ್ತೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಮುಖ ಎತ್ತಲೋ ತಿರುಗಿಸಿಕೊಂಡು, ತಮ್ಮಷ್ಟಕ್ಕೆ ತಾವು ಮುಗುಳ್ನಗುತ್ತಿದ್ದರು.

ಒಂದು ಬೆಳಗ್ಗೆ ಅತ್ತೆ ಕೊಳದ ಕಲ್ಲಿನ ಮೇಲೆ ಕೂತು, ಮೊಣಕೈವರೆಗೆ ನೀರಿಗೆ ಕೈ ಬಿಟ್ಟು, ಕೂಗಿದರು: "ಬಾರೇ ಇಲ್ಲಿ! ಬೇಗ ಬಾ!"

ಅವಳು ಓಡಿ ಬಂದು ಪಕ್ಕದಲ್ಲಿ ಕೂತಳು. ಅತ್ತೆ ಅವಳ ಕೈ ಹಿಡಿದು ನೀರೊಳಗೆ ಒಯ್ದು ಏನನ್ನೋ ಮುಟ್ಟಿಸಿದರು. ಎಲೆಗಳ ಕೆಳಗೆ, ನುಣುಪಾದ ದಂಟಿನ ತುದಿಯಲ್ಲಿ, ಗಟ್ಟಿಯಾದ ಪುಟ್ಟ ಮೊಗ್ಗು.

"ಸಿಕ್ತಾ? ಏಳ್ತಾ ಇದೆ ಮೇಲಕ್ಕೆ. ನಾಲ್ಕೈದು ದಿನದಲ್ಲಿ ನೀರಿನ ಮೇಲೆ ಬರುತ್ತೆ ನೋಡು." ಅತ್ತೆ ಅವಳ ಕೈ ಬಿಡಲಿಲ್ಲ. "ನಿನಗೆ ಹೇಳಿರಲಿಲ್ಲ. ಮಚ್ಚೆ ದೊಡ್ಡದಾಗಿದೆ ಕಣೇ. ನಿನ್ನೆ ಬಾಗಿಲ ಚಿಲಕ ಸಿಗಲಿಲ್ಲ ನನಗೆ. ಆದ್ರೂ ಪರವಾಗಿಲ್ಲ, ಇದು ಸರಿಯಾದ ಹೊತ್ತಿಗೆ ಬಂತು."

ಆ ದಿನ ಅವಳು ಜೋಳ ಚೆಲ್ಲಲಿಲ್ಲ. ಆದರೆ ರೂಢಿ ಬಿದ್ದ ಬೀಗರಿಗೆ ಅದು ಹೇಗೆ ಗೊತ್ತಾಗಬೇಕು? ಇಳಿಜಾರಿನಲ್ಲಿ ಕಾಳು ಹುಡುಕಿದವು. ಸಿಗಲಿಲ್ಲ. ನೀರಿಗಿಳಿದವು.

ಮಾರನೇ ಬೆಳಗ್ಗೆ ಅವಳು ಏಳುವ ಮೊದಲೇ ಅತ್ತೆ ಕೊಳದ ಬಳಿ ಇದ್ದರು. ಕೈ ನೀರಿನಲ್ಲಿತ್ತು. ಎಲೆಗಳ ಕೆಳಗೆ ಬೆರಳುಗಳು ಆ ಕಡೆ ಈ ಕಡೆ ಹುಡುಕುತ್ತಿದ್ದವು. ಒಂದು ದಂಟು ಸಿಕ್ಕಿತು. ಅದರ ತುದಿಯಲ್ಲಿ ಏನೂ ಇರಲಿಲ್ಲ. ಬೆರಳುಗಳು ಅಲ್ಲಿಗೇ ಮತ್ತೆ ಮತ್ತೆ ಬಂದವು.

"ಬೀಗರಿಗೆ ಸಿಕ್ಕಿಬಿಡ್ತು ಅನ್ಸುತ್ತೆ" ಎಂದರು ಅತ್ತೆ, ಹಗುರವಾಗಿ. ಎದ್ದು, ಗೋಡೆ ಸವರಿಕೊಂಡು ಒಳಗೆ ಹೋದರು. ಕೊರಳ ಸೀಟಿ ತೆಗೆದು ಮೇಜಿನ ಮೇಲಿಟ್ಟ ಸದ್ದು ಕೇಳಿತು.

ಅವಳು ತನ್ನ ಸುಖಕ್ಕೆ ಒಂದು ಹಿಡಿ ಕಾಳು ಚೆಲ್ಲಿ, ಅತ್ತೆಯ ಕಣ್ಣಿಗೆ ಉಳಿದಿದ್ದ ಒಂದೇ ಆಸೆಯನ್ನು ತಿನ್ನಿಸಿಬಿಟ್ಟಿದ್ದಳು.

ಕೊಳದವನು ಗೇಟು ತೆರೆದು ಬರುವಾಗ ಅವಳು ಜೋಳದ ಡಬ್ಬಿ ಎದೆಗವಚಿಕೊಂಡು ನಿಂತಿದ್ದಳು. ಸುತ್ತುಬಳಸಿ ಮಾತಾಡುವಷ್ಟು ತ್ರಾಣ ಇರಲಿಲ್ಲ.

"ಬಾತು ತಾವಾಗಿ ಬರಲಿಲ್ಲ. ನಾನು ಕರೆಸಿದ್ದು. ಅವು ಬಂದ್ರೆ ನೀವು ಬರ್ತೀರಾ ಅಂತ ಕಾಳು ಹಾಕ್ತಿದ್ದೆ. ಮೊಗ್ಗು ಹೋಯ್ತು. ನನ್ನಿಂದ ಹೋಯ್ತು."

ಅವನು ನಗಲಿಲ್ಲ, ಅಚ್ಚರಿಯನ್ನೂ ಪಡಲಿಲ್ಲ. ಕೈಚೀಲ ಕೆಳಗಿಟ್ಟು, ಕೊಳದ ಬಳಿ ಹೋಗಿ, ತಾನೇ ಕಟ್ಟಿದ ದಾರ ಹಿಡಿದ.

"ಇದನ್ನ ಗೇಣೆತ್ತರಕ್ಕೆ ಕಟ್ಟಬೇಕು. ಒಂದು ಮೊಳಕ್ಕೆ ಒಂದು. ಇಳಿಜಾರು ತೆಗೆದು ಅಲ್ಲಿ ಎತ್ತರದ ಜೊಂಡು ನೆಡಬೇಕು, ನಡೆದು ಬರೋಕೆ ದಾರಿ ಇರಬಾರದು. ಕೊಳದ ಕೆಲಸ ಕಲಿತ ಮೊದಲ ವರ್ಷವೇ ಗೊತ್ತಿತ್ತು ನನಗೆ ಇದು." ಅವನು ದಾರ ಕೈಬಿಟ್ಟ. "ಕಟ್ಟಿದ್ರೆ ಕೆಲಸ ಮುಗಿದು ಹೋಗ್ತಿತ್ತಲ್ಲ, ಕನ್ನಡಕ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಎಷ್ಟೋ ದಿನದಿಂದ ಕೇಳಬೇಕೆಂದಿದ್ದ ಮಾತು ಎರಡೂ ಕಡೆಯಿಂದ ಬಂದಿತ್ತು, ಬರಬಾರದ ಹೊತ್ತಿನಲ್ಲಿ. ಖುಷಿ ಪಡಲು ನಾಚಿಕೆಯಾಯಿತು. ಒಳಗೆ ಅತ್ತೆಯ ಕುರ್ಚಿ ಬಾಗಿಲ ಕಡೆ ಇರಲಿಲ್ಲ, ಗೋಡೆಯ ಕಡೆ ತಿರುಗಿತ್ತು.

"ಅಂಗಡಿಗೆ ರಜೆ ಹಾಕ್ತೀನಿ" ಎಂದಳು. "ಇವತ್ತೇ ಮಾಡೋಣ. ಸರಿಯಾಗಿ."

ಸಂಜೆಯವರೆಗೂ ದುಡಿದರು. ಇಳಿಜಾರು ಅಗೆದು ಕಲ್ಲು ನಿಲ್ಲಿಸಿದರು. ಆಳೆತ್ತರದ ಜೊಂಡು ಒತ್ತೊತ್ತಾಗಿ ನೆಟ್ಟರು. ಅವನು ನೀರೊಳಗೆ ನಿಂತು ದಾರ ಎಳೆದ, ಅವಳು ದಡದಲ್ಲಿ ಕೂತು ಪ್ರತಿ ಎಳೆಯ ಎತ್ತರ ಅಂಗೈ ಚಾಚಿ ಅಳೆದಳು. ಅವಳ ಗೇಣು, ಅವನ ಗಂಟು. ಇಡೀ ದಿನ ಹೆಚ್ಚು ಮಾತಿಲ್ಲ, ಒಂದೂ ಓರೆನೋಟವಿಲ್ಲ.

ಬೆಳಗ್ಗೆ ಬೀಗರು ಬಂದರು. ಆಕಾಶದಲ್ಲಿ ಒಂದು ಸುತ್ತು, ಎರಡು ಸುತ್ತು. ರೆಕ್ಕೆಯ ಗಾಳಿ ಅವಳ ಕೂದಲಿಗೆ ತಾಗುವಷ್ಟು ಕೆಳಗೆ ಬಂದು, ಇಳಿಯಲು ಜಾಗ ಕಾಣದೆ, ಕತ್ತು ಮುಂದೆ ಚಾಚಿ ಮೇಲೆದ್ದವು. ಒಂದರ ಪಕ್ಕ ಒಂದು, ರೆಕ್ಕೆ ಬಡಿತವೂ ಒಟ್ಟೊಟ್ಟಿಗೆ. ಅವು ಚುಕ್ಕಿಯಾಗುವವರೆಗೂ ಇಬ್ಬರೂ ತಲೆಯೆತ್ತಿ ನೋಡಿದರು. ಅಷ್ಟು ಗೋಳು ಹೊಯ್ದುಕೊಂಡ ಹಕ್ಕಿಗಳು ಹೋಗುವಾಗ ಇಷ್ಟು ಚಂದ ಕಾಣಬೇಕೇ ಎಂದುಕೊಂಡಳು.

"ಈಗ ನಿಜವಾಗಲೂ ಮುಗೀತು" ಎಂದ ಅವನು. ಸಂಜೆಯ ರೈಲಿಗೆ ಹೊರಟ. ಅವಳು ತಡೆಯಲಿಲ್ಲ. ಅತ್ತೆಯ ಹೂ ಕಳೆದವಳಿಗೆ ಇನ್ನೇನನ್ನೂ ಕೇಳುವ ಹಕ್ಕಿಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಿದ್ದಳು.

ಆಮೇಲಿನ ದಿನಗಳಲ್ಲಿ ಅವಳು ಬೆಳಗ್ಗೆ ಎದ್ದ ಕೂಡಲೇ ಕೊಳಕ್ಕೆ ಹೋಗಿ ಎಲೆಗಳ ಕೆಳಗೆ ಕೈಯಾಡಿಸುತ್ತಿದ್ದಳು. ನೀರು ತಿಳಿಯಾಗುತ್ತ ಬಂತು. ಒಂದು ದಿನ ಬೆರಳಿಗೆ ಗಟ್ಟಿಯಾದದ್ದೇನೋ ತಾಗಿತು. ಅತ್ತೆಗೆ ಹೇಳಲು ಹೆದರಿದಳು, ಆದರೂ ಹೇಳಿದಳು. ಅತ್ತೆ ಬಂದು ಮುಟ್ಟಿ ನೋಡಲಿಲ್ಲ. "ಮೇಲೆ ಬರಲಿ" ಎಂದಷ್ಟೇ ಹೇಳಿದರು.

ಅದು ಮೇಲೆ ಬಂತು. ಹಸಿರು ಮೊಗ್ಗು ನೀರು ಸೀಳಿಕೊಂಡು ತಲೆಯೆತ್ತಿತು. ನಾಳೆ ಅರಳಬಹುದು ಎಂದು ಅವಳು ಹೇಳಿದಾಗ ಅತ್ತೆ ಮೇಜಿನ ಮೇಲಿನ ಸೀಟಿ ಸವರಿ ಹುಡುಕಿ ಕೊರಳಿಗೆ ಹಾಕಿಕೊಂಡರು, ಆಮೇಲೆ ಫೋನ್ ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಬೆಳಗ್ಗೆ ಹಿತ್ತಲಿಗೆ ಬಂದರೆ, ಜೊಂಡಿಲ್ಲದ ಬದಿಯ ಒದ್ದೆ ಹುಲ್ಲಿನ ಮೇಲೆ ಗಂಡಸೊಬ್ಬ ಬೋರಲು ಮಲಗಿದ್ದಾನೆ. ಗದ್ದ ನೀರಿಗೆ ತಾಗುವಷ್ಟು ಹತ್ತಿರ.

"ಶ್!" ಎಂದ ಅವನು.

ಈ ಸಲ ಅವಳ ಕೈಯಲ್ಲಿ ಪೊರಕೆ ಇರಲಿಲ್ಲ, ಅತ್ತೆಯ ಕೈ ಇತ್ತು. ಮೂವರೂ ದಡದಲ್ಲಿ ಕೂತರು.

ಬಿಸಿಲು ಗೋಡೆಯಿಂದ ಇಳಿದು ನೀರಿಗೆ ಬಂತು. ಮೊಗ್ಗಿನ ಹಸಿರು ಹೊದಿಕೆ ಒಂದು ಕಡೆ ಬಿರಿಯಿತು, ಒಳಗಿಂದ ಬಿಳಿ ಗೆರೆ ಕಂಡಿತು. ಆಮೇಲೆ ಇನ್ನೊಂದು ಕಡೆ. ಒಂದು ಎಸಳು ಸಡಿಲಗೊಂಡು ಹಿಂದಕ್ಕೆ ಒರಗಿತು, ಅದರ ಹಿಂದೆ ಮತ್ತೊಂದು, ಯಾರೋ ಒಳಗಿನಿಂದ ಮೆಲ್ಲಗೆ ತಳ್ಳಿದ ಹಾಗೆ. ಕಪ್ಪು ನೀರಿನ ಮೇಲೆ ಬಿಳಿ ಹರಡುತ್ತ ಹರಡುತ್ತ ಹೋಗಿ, ಕೊನೆಗೆ ನಡುವಿನ ಹಳದಿ ಬಿಸಿಲಿಗೆ ತೆರೆದುಕೊಂಡಿತು. ನೀರಿನಡಿ ಅಂಥದೇ ಇನ್ನೊಂದು ಹೂ ತಲೆಕೆಳಗಾಗಿ ಅರಳಿತ್ತು.

ಅತ್ತೆ ನೇರ ನೋಡಿದರು. ಮುಖ ಬಾಡಿತು. ಆಮೇಲೆ ನಿಧಾನವಾಗಿ ಕತ್ತು ಎಡಕ್ಕೆ ತಿರುಗಿಸಿದರು, ಇನ್ನಷ್ಟು ತಿರುಗಿಸಿದರು, ಹೂವಿನಿಂದ ಪೂರ್ತಿ ಮುಖ ತಿರುಗಿಸಿದವರಂತೆ. ಅಲ್ಲಿ ನಿಂತಿತು ಅವರ ಕತ್ತು.

"ಬಂತು" ಎಂದರು. "ಬಂತು ಕಣೇ. ಅಷ್ಟಗಲ ಇದೆ. ಬೆಳಕು ಹಚ್ಚಿಟ್ಟ ಹಾಗಿದೆ."

ಅವರ ಕೆನ್ನೆಯ ಮೇಲೆ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ, ಕತ್ತೂ ಅಲುಗಿಸಲಿಲ್ಲ. ಅವಳು ಅತ್ತೆಯ ಮಡಿಲಿಗೆ ತಲೆಯಿಟ್ಟು, ಇಷ್ಟು ದಿನ ನುಂಗಿಕೊಂಡದ್ದನ್ನೆಲ್ಲ ಅತ್ತುಬಿಟ್ಟಳು.

"ಅತ್ತೆ, ಆ ಮೊದಲನೇ ಮೊಗ್ಗು..."

"ಜೋಳದ ಡಬ್ಬಿ ಮುಚ್ಚಳ ತೆಗೆಯೋ ಸದ್ದು ನನಗೆ ಕೇಳಲ್ವಾ? ಕೆಟ್ಟಿರೋದು ಕಣ್ಣು, ಕಿವಿ ಅಲ್ಲ. ಅವತ್ತು ನಿನ್ನ ಕೆನ್ನೆಗೆರಡು ಬಾರಿಸೋಣ ಅನ್ನಿಸಿದ್ದು ನಿಜ." ಅತ್ತೆ ಅವಳ ತಲೆ ಸವರಿದರು. "ಆಮೇಲೆ ನೀನು ದಿನಾ ಬೆಳಗ್ಗೆ ನೀರಲ್ಲಿ ಕೈಯಾಡಿಸೋದು ಕೇಳ್ತಿತ್ತು. ಸಿಟ್ಟು ಎಷ್ಟು ದಿನ ಅಂತ ಇರುತ್ತೆ?"

ಕೊಳದವನು ಎದ್ದು ಕೂತು ಗದ್ದದ ಹುಲ್ಲು ತೆಗೆಯುತ್ತಿದ್ದ. ಅತ್ತೆ ಅವನ ಕಡೆಗೂ ದನಿ ತಿರುಗಿಸಿದರು.

"ನೀನೂ ಕೇಳಪ್ಪಾ. ನನಗೆ ಈಗ ಓರೆಗಣ್ಣಲ್ಲಿ ಮಾತ್ರ ಕಾಣೋದು. ನೀವಿಬ್ಬರೂ ಒಬ್ಬರನ್ನೊಬ್ಬರು ನೋಡ್ತಿದ್ದಿದ್ದೂ ಓರೆಗಣ್ಣಲ್ಲೇ. ಹಾಗಾಗಿ ಈ ಮನೇಲಿ ನನಗಿಂತ ಚೆನ್ನಾಗಿ ಅದನ್ನ ಯಾರೂ ನೋಡಿಲ್ಲ. ನಿಮಗಿಂತಲೂ."

ಅವನ ಕಿವಿಗಳು ಕೆಂಪಾದವು. ಅವನು ಅವಳ ಕಡೆ ತಿರುಗಿದ.

"ಆ ದೊಡ್ಡ ಕೆರೆ ಕೆಲಸ ಮಳೆಗಾಲಕ್ಕೆ ಮುಂಚೆ ಮುಗಿಯುತ್ತೆ. ಆಮೇಲೆ ಈ ಊರಿಗೇ ಬಂದುಬಿಡ್ತೀನಿ. ಅಲ್ಲೀವರೆಗೂ ವಾರಕ್ಕೊಂದು ಸಲ ಬರ್ತೀನಿ."

"ಕೊಳ ನೋಡೋಕಾ?"

"ಕೊಳಕ್ಕೇನಾಗಿದೆ? ಕೊಳ ಚೆನ್ನಾಗಿದೆ." ಅವನು ಉಸಿರೆಳೆದುಕೊಂಡ. "ನಿಮ್ಮನ್ನ ನೋಡೋಕೆ. ನನಗೆ ನೀವು ಅಂದ್ರೆ ತುಂಬಾ ಇಷ್ಟ, ಕನ್ನಡಕ. ಬಾತು ಇಲ್ಲದೇ ಇದ್ರೂ ಬರಬಹುದಾ?"

"ಅಲ್ಲಿನ ಕೆರೇಲಿ ಬಾತು ಓಡಿಸ್ಬೇಕಂತಾ?" ಎಂದಳು. ಅಂಗೈಯಿಂದ ಕೆನ್ನೆ ಒರೆಸಿಕೊಂಡಳು.

"ಇಲ್ಲ. ಅವರಿಗೆ ಬಾತು ಬರಬೇಕಂತೆ. ಎಷ್ಟು ಮಾಡಿದ್ರೂ ಬರ್ತಿಲ್ಲ." ಅವನು ನಕ್ಕ. "ಜೋಳ ಹಾಕೋರು ಒಬ್ಬರು ಗೊತ್ತು ಅಂತ ಹೇಳಿದ್ದೀನಿ."

ಅವಳು ಅಳುತ್ತಲೇ ನಕ್ಕಳು. "ಬನ್ನಿ" ಎಂದಳು. "ಕಾಫಿ ಮಾತ್ರ ಬಿಸಿ ಇರುವಾಗಲೇ ಕುಡೀಬೇಕು."

ಆಗ ಅತ್ತೆ ಹೂವಿನಿಂದ ಗಮನ ಕಿತ್ತು, ಕುಳಿತಲ್ಲೇ ತಿರುಗಿ, ಅವರಿಬ್ಬರಿಗೆ ಎದುರಾದರು. ಕತ್ತು ನೆಟ್ಟಗೆ, ಕಣ್ಣು ಅಗಲ, ನೇರವಾಗಿ ಅವರ ಮುಖದ ಮೇಲೆ. ಕೊರಳ ಸೀಟಿ ಬಿಸಿಲಿಗೆ ಹೊಳೆಯಿತು.

"ನಾನೀಗ ನಿಮ್ಮನ್ನ ನೇರವಾಗಿ ನೋಡ್ತಾ ಇದ್ದೀನಿ" ಎಂದರು. "ಅಂದ್ರೆ ನನಗೆ ಏನೂ ಕಾಣ್ತಿಲ್ಲ."

ಇಬ್ಬರೂ ಕೂತಲ್ಲೇ ಕೂತಿದ್ದರು.

"ಎಷ್ಟು ಹೊತ್ತು ಅಂತ ಹೀಗೆ ಕೂತಿರಲಿ?" ಎಂದರು ಅತ್ತೆ. "ಕತ್ತು ನೋಯುತ್ತೆ."

ಅವನು ಕೆಸರಾದ ಕೈಯನ್ನು ಶರ್ಟಿಗೆ ಒರೆಸಿಕೊಂಡು ಚಾಚಿದ. ಅವಳು ಅದನ್ನು ಹಿಡಿದು, ಅವನ ಕಣ್ಣನ್ನೇ ನೋಡುತ್ತ, ಹತ್ತಿರಕ್ಕೆ ಸರಿದಳು.